ಗಾಲ್ಫ್ ಆಟದ ಕೊನೆಯ ಹೊಡೆತ: ಅಡಿಕೆ ಅಂಗಳದಲ್ಲೇ ಅಭ್ಯಾಸ

ಗಾಲ್ಫ್ ಎಂದೊಡನೆ, ಅದು ದೊಡ್ಡ ಎಸ್ಟೇಟಿನವರ ಆಟ, ನಾಲ್ಕೈದು ಎಕರೆಯ ನಮಗೇಕೆ ಎಂದು ನಮ್ಮ ಸದಸ್ಯರಲ್ಲಿ ಅನೇಕರು ಪಕ್ಕಕ್ಕೆ ಸರಿಸುವುದುಂಟು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಬ್ರಿಟಿಷರ ಕಾಲದಲ್ಲಿ ಹುಟ್ಟಿತು. ಚಿಕ್ಕಮಗಳೂರು, ಮಡಿಕೇರಿ ಮತ್ತು ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲಿ ಈ ಆಟ ಬೇರೂರಿದುದು ಕಾಫಿ ಪ್ಲಾಂಟರುಗಳಿಂದಲೇ. ಆದರೆ ಈಗ ಶಿವಮೊಗ್ಗದ ಸಮೀಪವೂ ಕಿಮ್ಮನೆ ಗಾಲ್ಫ್ ಮೈದಾನವಿದೆ. ಸಕ್ರೆಬೈಲು, ಗಾಜನೂರು ಕಡೆಯ ಬೆಳೆಗಾರರ ಮಕ್ಕಳು ಓದಿಗೋ ಉದ್ಯೋಗಕ್ಕೋ ಬೆಂಗಳೂರು ಸೇರಿ ಅಲ್ಲಿ ಈ ಆಟ ಕಲಿತು ಬರುತ್ತಿದ್ದಾರೆ. ಚಿಕ್ಕಮಗಳೂರಿನ ನೆಂಟರು ಕರೆದರೆಂದು ಹೋಗಿ ಕೋಲು ಹಿಡಿಯುವವರೂ ಇದ್ದಾರೆ.

ಹಾಗೆ ಹೋದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ದೂರ ಹೊಡೆಯುವುದು ಹೇಗೋ ಆಯಿತು, ಕುಳಿಯ ಹತ್ತಿರ ಬಂದ ಮೇಲೆ ಎಲ್ಲ ಕೆಟ್ಟಿತು." ಆ ಕುಳಿಯ ಹತ್ತಿರದ ಆಟದ ಬಗ್ಗೆಯೇ ಈ ಲೇಖನ. ಗಾಲ್ಫಿನಲ್ಲಿ ಬಲವೂ ಬೇಡದ, ಎಕರೆಗಟ್ಟಲೆ ಮೈದಾನವೂ ಬೇಡದ ಭಾಗವೆಂದರೆ ಇದೊಂದೇ. ಇದನ್ನು ಮನೆಯ ಅಂಗಳದಲ್ಲೇ ಕಲಿಯಬಹುದು ಎಂಬುದನ್ನು ಸದಸ್ಯರಿಗೆ ತಿಳಿಸುವುದು ನಮ್ಮ ಉದ್ದೇಶ.

ಪಟಿಂಗ್ ಎಂದರೇನು?

ಪ್ರತಿ ಕುಳಿಯ ಸುತ್ತ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ ನುಣುಪು ಮಾಡಿದ ಜಾಗಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿ ಚೆಂಡನ್ನು ಗಾಳಿಗೆ ಹಾರಿಸದೆ, ಚಪ್ಪಟೆ ಮುಖದ ಪಟರ್ ಎಂಬ ಕೋಲಿನಿಂದ ಉರುಳಿಸಿ ಕುಳಿಗೆ ಸೇರಿಸಬೇಕು. ಇದೇ ಪಟಿಂಗ್. ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಎಂದರೆ 108 ಮಿಲಿಮೀಟರು. ಚೆಂಡು ದಪ್ಪ ಹಣ್ಣಡಿಕೆಯಷ್ಟಿದ್ದು ಅದರ ಅಡ್ಡಳತೆ 42.67 ಮಿಲಿಮೀಟರಿಗೆ ಕಡಿಮೆ ಇರಕೂಡದು.

ಲೆಕ್ಕ ನೋಡಿ. ಪೂರ್ತಿ ಆಟಕ್ಕೆ 18 ಕುಳಿಗಳು. ಮೈದಾನದ ಗೊತ್ತಾದ ಹೊಡೆತ 72 ಎಂದಿದ್ದರೆ, ಅದರಲ್ಲಿ ಪ್ರತಿ ಗ್ರೀನಿಗೆ ಎರಡರಂತೆ 36 ಹೊಡೆತಗಳು ಪಟಿಂಗಿಗೇ ಮೀಸಲು, ಅರ್ಧಕ್ಕರ್ಧ. 250 ಗಜದ ಹೊಡೆತವೂ ಒಂದೇ, ಎರಡು ಅಡಿಯಿಂದ ತಪ್ಪಿದ ಹೊಡೆತವೂ ಒಂದೇ. ಆರು ಗ್ರೀನುಗಳಲ್ಲಿ ಎರಡರ ಬದಲು ಮೂರು ಬಾರಿ ತಟ್ಟಿದರೆ ಆರು ಹೊಡೆತ ನಷ್ಟ. ಬೆಳೆಯನ್ನೆಲ್ಲ ಚೆನ್ನಾಗಿ ತೆಗೆದು ಕೊನೆಗೆ ಒಣಗಿಸುವಾಗ ಬೂಷ್ಟು ಹಿಡಿಸಿಕೊಂಡಂತೆಯೇ ಇದು.

ಬೆಂಗಳೂರಿನ ಹುಡುಗಿಯ ಉದಾಹರಣೆ

ಬೆಂಗಳೂರಿನ ಅದಿತಿ ಅಶೋಕ್ 1998ರಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲೇ ಕೋಲು ಹಿಡಿದವರು. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ತಾಯಿಯೇ ಇವರ ಕೋಲುಚೀಲ ಹೊತ್ತು ಕ್ಯಾಡಿಯಾಗಿ ನಡೆದರು. ಅರವತ್ತು ಮಂದಿ ಆಟಗಾರ್ತಿಯರಲ್ಲಿ ಚೆಂಡನ್ನು ದೂರ ಹೊಡೆಯುವುದರಲ್ಲಿ ಇವರು ಕೊನೆಯ ಸಾಲಿನವರು. ಅದೇ ವರ್ಷ ಕೋವಿಡ್ ಬಂದು ಮೈಯ ಬಲವೂ ತಗ್ಗಿತ್ತು. ಆದರೂ ಮೂರನೆಯ ದಿನ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದರು. ಕಾರಣ ಅವರ ಪಟಿಂಗ್. ನಾಲ್ಕು ದಿನಕ್ಕೆ 67, 66, 68, 68, ಒಟ್ಟು 269 ಹೊಡೆತ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೊರ್ಡಾ ಅವರದು 267. ಬೆಳ್ಳಿ ಮತ್ತು ಕಂಚು 268 ಹೊಡೆತದ ಇಬ್ಬರ ಪಾಲಾದವು. ಅದಿತಿ ಅವರಿಗೆ ನಾಲ್ಕನೆಯ ಸ್ಥಾನ. ಒಂದೇ ಹೊಡೆತದಲ್ಲಿ ಪದಕ ತಪ್ಪಿತು.

ಈ ಉದಾಹರಣೆಯಲ್ಲಿ ಎರಡು ಪಾಠಗಳಿವೆ. ತೋಳಬಲ ಕಡಿಮೆಯಿದ್ದವರನ್ನು ಲೋಕದ ಮೊದಲ ಸಾಲಿಗೆ ತಂದದ್ದು ಪಟರ್. ಒಂದು ಹೊಡೆತದ ಬೆಲೆ ಎಷ್ಟೆಂಬುದೂ ತಿಳಿಯಿತು.

ಹಣವಿದ್ದವರಿಗೆ ಮಾತ್ರ ಈ ಆಟ ಒಲಿಯುತ್ತದೆ ಎನ್ನುವವರು ಮುನಿಯಪ್ಪನವರನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊರುವ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು.

ನಿಲುವು ಮತ್ತು ಹಿಡಿತ

ಕಾಲುಗಳನ್ನು ಹೆಗಲಿನಷ್ಟು ಅಗಲಿಸಿ ನಿಂತು, ಕಣ್ಣು ನೇರವಾಗಿ ಚೆಂಡಿನ ಮೇಲೆ ಬರುವಂತೆ ಬಾಗಬೇಕು. ಸರಿಯಾಗಿದೆಯೇ ಎಂದು ನೋಡಲು ಗಾರೆ ಕೆಲಸದವರ ತೂಕದ ಗುಂಡನ್ನು ಮೂಗಿನ ಮೇಲ್ತುದಿಯಿಂದ ಇಳಿಬಿಡಿ. ಅದು ಚೆಂಡಿನ ಮೇಲಾಗಲಿ ಅದಕ್ಕಿಂತ ಒಂದಂಗುಲ ನಿಮ್ಮ ಕಡೆಗಾಗಲಿ ಬಂದರೆ ಸಾಕು.

ಕೋಲನ್ನು ಹಿಡಿಯುವುದು ಪ್ಲಾಸ್ಟಿಕ್ ಚೀಲದ ಕಾಫಿ ಸಸಿಯನ್ನು ಹಿಡಿದಂತಿರಲಿ. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಮಣ್ಣು ಒಡೆಯುತ್ತದೆ. ಮಣಿಕಟ್ಟು ಅಲುಗಬಾರದು. ಎರಡು ಹೆಗಲುಗಳೇ ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗಬೇಕು. ಚೆಂಡು ಹೋದ ಮೇಲೂ ತಲೆಯನ್ನು ಒಂದು ಕ್ಷಣ ಎತ್ತಬಾರದು. ಆತುರದಿಂದ ತಲೆ ಎತ್ತಿದರೆ ಹೆಗಲು ತಿರುಗಿ ಕೋಲಿನ ಮುಖವೂ ತಿರುಗುತ್ತದೆ.

ಮುಖ ತಿರುಗಿದರೆ ಆಗುವ ನಷ್ಟವೆಷ್ಟು? ಚೆಂಡು ಹೊರಡುವ ದಿಕ್ಕು ಬಹುಪಾಲು ಕೋಲಿನ ಮುಖವನ್ನೇ ಅನುಸರಿಸುತ್ತದೆ. ದಿಕ್ಕು ಒಂದೇ ಒಂದು ಡಿಗ್ರಿ ಓರೆಯಾದರೂ ಚೆಂಡು ಮೂರಡಿಯ ದೂರದಲ್ಲಿ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು, ಹತ್ತಡಿಯಲ್ಲಿ ಎರಡು ಅಂಗುಲ, ಇಪ್ಪತ್ತಡಿಯಲ್ಲಿ ನಾಲ್ಕು ಅಂಗುಲ ಸರಿಯುತ್ತದೆ. ಕುಳಿಯ ನಡುವಿನಿಂದ ಅಂಚಿಗೆ ಇರುವುದು ಎರಡಂಗುಲ ಚಿಲ್ಲರೆ ಮಾತ್ರ. ಆದುದರಿಂದ ಮೂರಡಿಯ ಹೊಡೆತ ತಪ್ಪಬಾರದು. ಇಪ್ಪತ್ತಡಿಯ ಹೊಡೆತ ತಪ್ಪಿದರೆ ಬೇಸರಿಸಬಾರದು. ಅಮೆರಿಕದ ವೃತ್ತಿಪರ ಆಟಗಾರರೂ ಎಂಟಡಿಯಿಂದ ಸುಮಾರು ಅರ್ಧದಷ್ಟು ಸಲ ಮಾತ್ರ ಕುಳಿ ಸೇರಿಸುತ್ತಾರೆ. ಇಪ್ಪತ್ತಡಿಯಿಂದಾದರೆ ನೂರಕ್ಕೆ ಹದಿನೈದು ಬಾರಿ ಅಷ್ಟೆ.

ದಿಕ್ಕಿಗಿಂತ ದೂರ ಮುಖ್ಯ

ಹೊಸಬರು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು ಎಂದು ಚಿಂತಿಸುತ್ತಾರೆ. ಆದರೆ ಮೂವತ್ತಡಿಯಿಂದ ದಿಕ್ಕು ತಪ್ಪಿ ಚೆಂಡು ಕುಳಿಯಿಂದ ಆರಡಿ ಪಕ್ಕಕ್ಕೆ ಹೋಗುವುದು ಅಪರೂಪ. ಆರಡಿ ಹಿಂದೆ ನಿಲ್ಲುವುದು ಅಥವಾ ಆರಡಿ ಮುಂದೆ ಓಡುವುದು ದಿನನಿತ್ಯದ ಸಂಗತಿ. ಮೂರು ಬಾರಿ ತಟ್ಟುವ ದುರವಸ್ಥೆಗೆ ಇದೇ ಮೂಲ. ಜೋರಾಗಿ ಹೊಡೆದ ಚೆಂಡು ಕುಳಿಯ ಅಂಚನ್ನು ಮುಟ್ಟಿದರೂ ಒಳಗೆ ಬೀಳದೆ ಹಾರಿ ಹೋಗುತ್ತದೆ. ಮೆಲ್ಲಗೆ ಬಂದದ್ದು ಅಂಚಿನಿಂದಲೂ ಒಳಗೆ ಬೀಳುತ್ತದೆ. ಅಮೆರಿಕದ ನಾಸಾ ಸಂಸ್ಥೆಯಲ್ಲಿ ಕೆಲಸ ಮಾಡಿ ಅನಂತರ ಗಾಲ್ಫ್ ಶಿಕ್ಷಕರಾದ ಡೇವ್ ಪೆಲ್ಜ್ ಅವರ ಪ್ರಕಾರ, ಕುಳಿ ತಪ್ಪಿದರೆ ಅದನ್ನು ದಾಟಿ 17 ಅಂಗುಲದಲ್ಲಿ ನಿಲ್ಲುವಷ್ಟು ವೇಗ ಒಳ್ಳೆಯದು. ಸುಮಾರು ಒಂದೂವರೆ ಅಡಿ ಎಂದು ನೆನಪಿಟ್ಟುಕೊಂಡರೆ ಸಾಕು.

ದೂರವನ್ನು ಹೊಡೆತದ ರಭಸದಿಂದ ಅಳೆಯಬಾರದು. ಕೋಲನ್ನು ಹಿಂದಕ್ಕೆ ಒಯ್ಯುವ ಅಳತೆಯಿಂದ ಅಳೆಯಬೇಕು. ಹತ್ತಡಿಗೆ ಇಷ್ಟು, ಇಪ್ಪತ್ತಡಿಗೆ ಇಷ್ಟು ಎಂದು ಕೈಗೆ ಅಭ್ಯಾಸವಾಗಬೇಕು. ತೂಗುವ ಲಯ ಮಾತ್ರ ಎಲ್ಲಕ್ಕೂ ಒಂದೇ.

ವಾಟ ಮತ್ತು ಹುಲ್ಲು

ಗ್ರೀನ್ ನೋಡಲು ಸಮತಟ್ಟು; ವಾಸ್ತವವಾಗಿ ಎಲ್ಲಕ್ಕೂ ನೀರು ಹರಿಯುವ ವಾಟವಿರುತ್ತದೆ. ತೋಟದಲ್ಲಿ ಬಸಿಗಾಲುವೆ ತೆಗೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಒಂದು ಕೊಡ ನೀರು ಸುರಿದರೆ ಯಾವ ಕಡೆ ಹೋದೀತು ಎಂದು ಕೇಳಿಕೊಳ್ಳಿ. ಚೆಂಡೂ ಅದೇ ಕಡೆ ವಾಲುತ್ತದೆ. ಚೆಂಡಿನ ವೇಗ ಇಳಿದಂತೆ ವಾಲುವುದು ಹೆಚ್ಚುತ್ತದೆ. ಆದುದರಿಂದ ಕುಳಿಯ ಸಮೀಪದ ಮೂರ್ನಾಲ್ಕು ಅಡಿಯ ವಾಟವನ್ನು ಚೆನ್ನಾಗಿ ನೋಡಬೇಕು. ಬಹುತೇಕ ಹೊಸಬರ ಚೆಂಡು ತಗ್ಗಿನ ಬದಿಗೆ ತಪ್ಪುತ್ತದೆ. ಕಂಡದ್ದಕ್ಕಿಂತ ಸ್ವಲ್ಪ ಮೇಲ್ಬದಿಗೆ ಗುರಿಯಿಡುವುದು ಲೇಸು.

ನಮ್ಮಂಥ ಬಿಸಿ ಹವೆಯ ನಾಡಿನ ಗ್ರೀನುಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಬರ್ಮುಡಾ ಹುಲ್ಲು, ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ಗರಿಕೆಗೆ ಒಂದು ಕಡೆ ಒರಗಿ ಹಬ್ಬುವ ಗುಣವಿದೆ. ನೀವು ನಿಂತಲ್ಲಿಂದ ಹುಲ್ಲು ಹೊಳೆಯುವಂತೆ ಕಂಡರೆ ಅದು ಕುಳಿಯ ಕಡೆ ಒರಗಿದೆ, ಚೆಂಡು ಬೇಗ ಓಡುತ್ತದೆ. ಮಂಕಾಗಿ ಕಂಡರೆ ನಿಮ್ಮ ಕಡೆ ಒರಗಿದೆ, ನಿಧಾನವಾಗುತ್ತದೆ. ಬೆಳಗಿನ ಇಬ್ಬನಿಯಲ್ಲೂ ಚೆಂಡು ನಿಧಾನವೇ.

ಎಲ್ಲ ಕಡೆ ಹುಲ್ಲೇ ಇರಬೇಕೆಂದೂ ಇಲ್ಲ. ಕೋಲಾರದ ಚಿನ್ನದ ಗಣಿಯ ಮೈದಾನದಲ್ಲಿ ಹುಲ್ಲಿನ ಬದಲು, ಎಣ್ಣೆ ಬೆರೆಸಿ ನುಣುಪು ಮಾಡಿದ ಮರಳಿನ ಮೇಲೆ ಪಟಿಂಗ್ ನಡೆಯುತ್ತಿತ್ತು. ಅದನ್ನು ಬ್ರೌನ್ ಎನ್ನುತ್ತಿದ್ದರು. ಒಣ ನಾಡಿನ ಆ ಮರಳು ಸಾಕಾಯಿತೆಂದ ಮೇಲೆ ನಮ್ಮ ಅಂಗಳ ಸಾಲದೇ?

ಅಂಗಳದ ಅಭ್ಯಾಸ

ಕಾಫಿ, ಅಡಿಕೆ ಒಣಗಿಸುವ ಕೆಲಸ ಮುಗಿದ ಮೇಲೆ ಮಳೆಗಾಲದವರೆಗೆ ಅಂಗಳ ಖಾಲಿ. ಬೇಕಾದದ್ದು ಒಂದು ಪಟರ್, ಮೂರು ಚೆಂಡು, ಸೀಮೆಸುಣ್ಣ. ಪಟರ್ ಹಳೆಯದಾದರೂ ಆದೀತು. ಕುಳಿ ತೋಡಿ ಅಂಗಳ ಕೆಡಿಸಬೇಡಿ, ನಾಲ್ಕೂಕಾಲು ಅಂಗುಲದ ವೃತ್ತ ಬರೆದರೆ ಸಾಕು.

1. ಅಂಗಳದ ವೇಗ: ಸಿಮೆಂಟ್ ಅಂಗಳದಲ್ಲಿ ಚೆಂಡು ಹುಲ್ಲಿನ ಮೇಲಿಗಿಂತ ಬಹಳ ದೂರ ಓಡುತ್ತದೆ. ಗೋಣಿತಾಟುಗಳನ್ನು ಸುಕ್ಕಿಲ್ಲದಂತೆ ಎಳೆದು ಹಾಸಿ. ಗ್ರೀನಿನ ವೇಗ ಅಳೆಯಲು 1935ರಲ್ಲಿ ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ ಒಂದು ಸಾಧನ ಕಂಡುಹಿಡಿದರು. ಅದು ಮೂರಡಿ ಉದ್ದದ ತೋಡು ಪಟ್ಟಿ ಅಷ್ಟೆ. ತಿರುಳು ಕೆತ್ತಿ ನಯಮಾಡಿದ ಅಡಿಕೆ ದಬ್ಬೆ ಅದೇ ಕೆಲಸ ಮಾಡುತ್ತದೆ. ಕೆಳತುದಿಯಿಂದ ಎರಡೂವರೆ ಅಡಿಯಲ್ಲಿ ಚೆಂಡಿಟ್ಟು, ಮೇಲ್ತುದಿಯನ್ನು ನೆಲದಿಂದ ಒಂದಡಿಯಷ್ಟು ಎತ್ತಿ ಬಿಡಿ. ಎದುರುಬದುರು ದಿಕ್ಕಿನಲ್ಲಿ ಬಿಟ್ಟು ಸರಾಸರಿ ತೆಗೆಯಿರಿ. ದಬ್ಬೆ ಬಿಟ್ಟ ಮೇಲೆ ಎಂಟರಿಂದ ಹತ್ತಡಿ ಓಡಿದರೆ ಸಾಧಾರಣ ಕ್ಲಬ್ಬಿನ ಗ್ರೀನಿಗೆ ಸಮ. ಹೆಚ್ಚು ಓಡಿದರೆ ಇನ್ನೊಂದು ಪದರ ಗೋಣಿ ಹಾಸಿ.

2. ಬಾಗಿಲು: ಚೆಂಡಿನಿಂದ ಒಂದಡಿ ಮುಂದೆ ಎರಡು ಗೋಟಡಿಕೆ ಇಟ್ಟು, ನಡುವೆ ಚೆಂಡು ತೂರುವಷ್ಟೇ ಜಾಗ ಬಿಡಿ. ಮುಟ್ಟದಂತೆ ತೂರಿಸಿ. ಕೋಲಿನ ಮುಖ ನೇರವಾಗಿದೆಯೇ ಎಂಬುದನ್ನು ಅಡಿಕೆಯೇ ಹೇಳುತ್ತದೆ.

3. ಮೂರಡಿ: ವೃತ್ತದಿಂದ ಮೂರಡಿಯಲ್ಲಿ ನಿಂತು ಸತತ ಇಪ್ಪತ್ತು. ಹತ್ತೊಂಬತ್ತನೆಯದು ತಪ್ಪಿದರೂ ಮತ್ತೆ ಒಂದರಿಂದ.

4. ಗೆರೆಗಳು: ಹತ್ತು, ಇಪ್ಪತ್ತು, ಮೂವತ್ತಡಿಗೆ ಅಡ್ಡಗೆರೆ ಎಳೆಯಿರಿ. ಚೆಂಡು ಗೆರೆ ದಾಟಬೇಕು, ಆದರೆ ಒಂದೂವರೆ ಅಡಿ ಮೀರಬಾರದು. ಕುಳಿಯ ಗೊಡವೆ ಇಲ್ಲಿ ಬೇಡ. ಒಟ್ಟು ಅಭ್ಯಾಸದ ಅರ್ಧ ಸಮಯ ಇದಕ್ಕೇ ಸಲ್ಲಲಿ.

5. ವಾಟ: ಗೋಣಿಯ ಹಾಸನ್ನು ಅಂಗಳದ ವಾಟಕ್ಕೆ ಅಡ್ಡವಾಗಿ ಎಳೆದು ಹಾಸಿ, ಚೆಂಡು ಎಷ್ಟು ವಾಲುತ್ತದೆ ನೋಡಿ. ಅದೇ ದೂರವನ್ನು ಏರಿಗೂ ಇಳಿಜಾರಿಗೂ ಹೊಡೆದು ವ್ಯತ್ಯಾಸ ತಿಳಿಯಿರಿ.

ಮಳೆ ಹಿಡಿದ ಮೇಲೆ ಎರಡು ಮತ್ತು ಮೂರನೆಯ ಅಭ್ಯಾಸವನ್ನು ಜಗಲಿಯಲ್ಲೇ ಮಾಡಬಹುದು.

ತಿಳಿದಿರಬೇಕಾದ ನಿಯಮಗಳು

ಗ್ರೀನ್ ಮೇಲೆ ಚೆಂಡಿನ ಹಿಂದೆ ನಾಣ್ಯವಿಟ್ಟು ಗುರುತು ಮಾಡಿ, ಎತ್ತಿ ಒರೆಸಿ, ಅಲ್ಲೇ ಇಡಬಹುದು. 2016ರಿಂದ ಕೋಲಿನ ತುದಿಯನ್ನು ಹೊಟ್ಟೆಗೋ ಎದೆಗೋ ಆನಿಸಿ ಹೊಡೆಯುವಂತಿಲ್ಲ. 2019ರಿಂದ ಕುಳಿಯಲ್ಲಿನ ಬಾವುಟದ ಕೋಲನ್ನು ತೆಗೆಯದೆಯೂ ಹೊಡೆಯಬಹುದು. ಬೂಟಿನ ಗುರುತುಗಳನ್ನು ಸರಿಪಡಿಸಲೂ ಅವಕಾಶವಿದೆ. ಇನ್ನೊಬ್ಬರ ಚೆಂಡು ಉರುಳುವ ದಾರಿಯನ್ನು ತುಳಿಯಬಾರದೆಂಬುದು ಮರ್ಯಾದೆಯ ಮಾತು.

ಸಂಜೆ ಇಪ್ಪತ್ತು ನಿಮಿಷದಂತೆ ಮೂರು ವಾರ ಇದನ್ನು ಮಾಡಿ ನೋಡಿ. ಬೆನ್ನುನೋವಿನ ಹಿರಿಯರೂ ಶಾಲೆಯ ಮಕ್ಕಳೂ ಒಂದೇ ಅಂಗಳದಲ್ಲಿ ಸಮನಾಗಿ ಸ್ಪರ್ಧಿಸಬಹುದಾದ ಆಟ ಬೇರೆ ಹೆಚ್ಚಿಲ್ಲ. ಮುಂದಿನ ಬಾರಿ ಮೈದಾನಕ್ಕೆ ಹೋದಾಗ ಒಟ್ಟು ಲೆಕ್ಕದ ಜೊತೆಗೆ ಗ್ರೀನ್ ಮೇಲಿನ ಹೊಡೆತಗಳನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಅದು ನಲವತ್ತೆರಡರಿಂದ ಮೂವತ್ತಾರಕ್ಕೆ ಇಳಿದರೆ, ತೋಳಿಗೆ ಹೊಸ ಬಲ ಬಾರದೆಯೇ ಆರು ಹೊಡೆತ ಉಳಿತಾಯವಾದಂತೆ.