ನಾವು ಎಂಜಿನು ಬಿಚ್ಚಿದ್ದು

ಸರಕಾರಿ ಕಛೇರಿಯ ಗುಮಾಸ್ತನ ಕೈಗೆ ಲೇಖನಿ ಒಪ್ಪುತ್ತದೆ, ಫೈಲಿನ ದಾರ ಒಪ್ಪುತ್ತದೆ. ಪಾನಾ ಒಪ್ಪುವುದಿಲ್ಲವೆಂದು ಲೋಕದ ನಂಬಿಕೆ. ಅದರಲ್ಲಿಯೂ ಬಿ.ಎ. ಮಾಡಿದವನಾದರೆ ಕೇಳುವುದೇ ಬೇಡ. ಗೋಡೆಗೆ ಮೊಳೆ ಹೊಡೆಯಬೇಕಾದರೂ ನಮ್ಮಾಕೆ ನೆರೆಮನೆಯ ಹುಡುಗನನ್ನು ಕರೆಯುತ್ತಾಳೆಯೇ ಹೊರತು ನಮ್ಮನ್ನಲ್ಲ. ಇಂಥ ನಾವು ಕಳೆದ ದೀಪಾವಳಿಯ ರಜೆಯಲ್ಲಿ ಒಂದು ಮೋಟಾರಿನ ಎಂಜಿನನ್ನು ಬಿಚ್ಚಿ, ಅದರ ಕ್ಯಾಮ್ ಷಾಫ್ಟು, ರಾಕರು, ವಾಲ್ವುಗಳನ್ನು ಬದಲಾಯಿಸಿ, ಮತ್ತೆ ಜೋಡಿಸಿದೆವೆಂದರೆ ನಮ್ಮ ಸಂಘದ ಬಂಧುಗಳು ನಂಬಲಿಕ್ಕಿಲ್ಲ. ಆದರೂ ನಡೆದದ್ದು ನಿಜ. ಹೇಗೆ ನಡೆಯಿತೆಂಬುದನ್ನು ಹೇಳುತ್ತೇವೆ, ಕೇಳಿರಿ.

ನಮ್ಮ ಮನೆಯಲ್ಲಿ ಒಂದು ಮಾರುತಿ 800 ಇದೆ. ತೀರ್ಥರೂಪರು 1996ರಲ್ಲಿ ಕೊಂಡದ್ದು. ಈ ಜಾತಿಯ ಮೊದಲ ಕಾರು ಗಿರಾಕಿಯ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. ಕಾರಖಾನೆ ಅದನ್ನು ತಯಾರಿಸುವುದನ್ನು ನಿಲ್ಲಿಸಿದ್ದು 2014ರ ಜನವರಿಯಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮೀರಿ ಕಾರುಗಳು ಹೊರಬಿದ್ದವು. ಅವುಗಳಲ್ಲೊಂದು ನಮ್ಮದು. ಅವ್ವ ಇದ್ದಾಗ ಪ್ರತಿ ಬೇಸಗೆಗೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಧಾರವಾಡಕ್ಕೆ ಅದರಲ್ಲಿಯೇ ಹೋಗಿ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವನ ಬುತ್ತಿಯ ಗಂಟು, ಮುಂದೆ ಅಪ್ಪನ ಕಟ್ಟಪ್ಪಣೆ: "ಮಾತು ಸಾಕು, ಎಂಜಿನ್ ಕೇಳೂಣು."

ಅಪ್ಪ ಧಾರವಾಡದಿಂದ ಬಂದು ಪಿಂಪ್ರಿಯ ಕಾರಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಫಿಟರರಾಗಿ ದುಡಿದವರು. ಬೀದಿಯ ಕೊನೆಯಲ್ಲಿ ಬರುವ ಗಾಡಿಯ ಸದ್ದು ಕೇಳಿಯೇ ಅದರ ರೋಗವನ್ನು ಹೇಳುತ್ತಿದ್ದರು. ಅಂಥವರ ಕಾರಿನಲ್ಲಿ ಹೋದ ವರ್ಷ ಕಟಕಟ ಸಪ್ಪಳ ಹುಟ್ಟಿತು. ನಮಗೂ ಕೇಳಿಸಿತು. "ಅಪ್ಪಾ, ಏನೋ ಸಪ್ಪಳ ಬರ್ತದಲ್ಲ?" ಎಂದೆವು. "ಏನಿಲ್ಲ, ಚಲೋ ಅದ" ಎಂದರು. ಅವರು ಚಲೋ ಎಂದ ಮೇಲೆ ನಾವು ಯಾರು? ಸುಮ್ಮನಾದೆವು. ಆರು ತಿಂಗಳ ಮೇಲೆ ಖಂಬಾಟಕಿ ಘಾಟು ಹತ್ತುವಾಗ ಕಾರು ಎರಡನೆಯ ಗೇರಿನಲ್ಲಿಯೂ ಏದುಸಿರು ಬಿಟ್ಟು, ಹಿಂದೆ ಲಾರಿಗಳ ಸಾಲೇ ನಿಂತಿತು.

ತೋರಿಸಿದ ಗ್ಯಾರೇಜಿನವರು ಮುಚ್ಚಳ ತೆಗೆದು ನೋಡಿ, "ಕ್ಯಾಮ್ ಷಾಫ್ಟು ಸವೆದಿದೆ, ರಾಕರು ಸವೆದಿವೆ, ವಾಲ್ವು ಸುಟ್ಟಿದೆ. ಇದಕ್ಕೆ ಹಾಕುವ ಹಣ ಕಾರಿಗೇ ಬರುವುದಿಲ್ಲ. ಮೋಡಕಿಗೆ ಹಾಕಿಬಿಡಿ" ಎಂದರು. ಅವರ ಮಾತು ಸುಳ್ಳಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಎಪ್ರಿಲಿನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10000 ಆಯಿತು. ಗುಮಾಸ್ತನ ಲೆಕ್ಕದಲ್ಲಿ ಕಾರನ್ನು ಬಿಡುವುದೇ ಸರಿ. ಮನೆಗೆ ಬಂದು ಹಾಗೆಯೇ ಹೇಳಿದೆವು. ಅಪ್ಪ ಉತ್ತರ ಕೊಡಲಿಲ್ಲ. ಈಚೆಗೆ ಅವರು ಬಹಳ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಅವ್ವ ಹೋದ ಮೇಲೆ ಹೀಗಾಗಿದ್ದಾರೆಂದು ನಾವು ತಿಳಿದಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ ಮಂಚದ ಕೆಳಗಿನ ಕಬ್ಬಿಣದ ಪೆಟ್ಟಿಗೆಯನ್ನು ಹೊರಗೆಳೆದು, ಪಾನಾಗಳನ್ನು ಒಂದೊಂದಾಗಿ ಒರೆಸುತ್ತ ಕುಳಿತಿದ್ದರು. "ದೀಪಾವಳಿಗೆ ನಿನಗ ನಾಕು ದಿನಾ ಸೂಟಿ ಅದ ಅಲ್ಲಾ?" ಎಂದರು. ಅಷ್ಟೇ.

ಕ್ಯಾಮ್ ಷಾಫ್ಟು ಎಂದರೇನು ಎಂದು ಕೆಲವರು ಕೇಳಬಹುದು. ನಾವೂ ಕೇಳಿದವರೇ. ಎಂಜಿನು ಒಂದು ಕಛೇರಿಯೆಂದುಕೊಳ್ಳಿರಿ. ಪೆಟ್ರೋಲು ಬೆರೆತ ಗಾಳಿ ಒಳಬರಲು ಒಂದು ಬಾಗಿಲು, ಸುಟ್ಟ ಹೊಗೆ ಹೊರಹೋಗಲು ಇನ್ನೊಂದು. ಈ ಬಾಗಿಲುಗಳೇ ವಾಲ್ವುಗಳು. ನಮ್ಮ ಕಾರಿಗೆ ಮೂರು ಸಿಲಿಂಡರು, ಆರು ವಾಲ್ವು. ಯಾವ ಬಾಗಿಲು ಯಾವ ಗಳಿಗೆಗೆ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವ ಹೆಡ್ ಗುಮಾಸ್ತನೇ ಕ್ಯಾಮ್ ಷಾಫ್ಟು. ಅದೊಂದು ಉಕ್ಕಿನಂಥ ದಂಡ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ದಂಡ ತಿರುಗಿದಂತೆ ಉಬ್ಬು ಬಂದು ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ಏತದ ಮರದಂತೆ ಅದರ ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ಒತ್ತುತ್ತದೆ. ಉಬ್ಬು ಸರಿದೊಡನೆ ಸ್ಪ್ರಿಂಗು ವಾಲ್ವನ್ನು ಮುಚ್ಚುತ್ತದೆ. ಹಳೆಯ ಫಿಯೆಟ್ಟಿನಲ್ಲಿ ಈ ದಂಡ ಎಂಜಿನಿನ ಹೊಟ್ಟೆಯೊಳಗಿದ್ದು ಉದ್ದ ಕಡ್ಡಿಗಳ ಮೂಲಕ ಕೆಲಸ ಮಾಡುತ್ತಿತ್ತು. ಮಾರುತಿಯಲ್ಲಿ ಅದು ತಲೆಯ ಮೇಲೆಯೇ ಇದ್ದು ಹಲ್ಲಿನ ಪಟ್ಟಾದಿಂದ ತಿರುಗುತ್ತದೆ. ಕೆಳಗಿನ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಯಾವ ಕಛೇರಿಯಲ್ಲಿ ಹೀಗೆ ಕೆಲಸವಾಗುತ್ತದೆ, ಹೇಳಿರಿ!

ಇಷ್ಟು ಉಜ್ಜಾಟವನ್ನು ಎಣ್ಣೆಯ ಒಂದು ತೆಳುಪದರ ಕಾಯುತ್ತದೆ. ಎಣ್ಣೆ ಹಳೆಯದಾಗಿ ಜಿಗುಟಾದರೆ ಸಣ್ಣ ರಂಧ್ರಗಳು ಕಟ್ಟಿ, ಎಲ್ಲಕ್ಕಿಂತ ಮೇಲಿರುವ ಕ್ಯಾಮ್ ಷಾಫ್ಟು ಬಾಯಾರುತ್ತದೆ. ಅಪ್ಪನಿಗೆ ವಯಸ್ಸಾಯಿತೆಂದು ಎಣ್ಣೆ ಬದಲಿಸುವ ಜವಾಬ್ದಾರಿಯನ್ನು ನಾವು ವಹಿಸಿಕೊಂಡಿದ್ದೆವು. ವಹಿಸಿಕೊಂಡು, ಕಛೇರಿಯ ಪದ್ಧತಿಯಂತೆ, ಮುಂದೂಡಿದ್ದೆವು. ತಪ್ಪು ನಮ್ಮದೇ.

ಪುಣೆಗೆ ಬಂದ ಕನ್ನಡಿಗರಿಗೂ ಎಂಜಿನುಗಳಿಗೂ ನಂಟು ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನುಗಳ ಕಂಪನಿ 1946ರಲ್ಲಿ ಪುಣೆಯ ಖಡಕಿಯಲ್ಲಿ ನೆಲೆಯೂರಿತು. ಶಿಗ್ಗಾವಿಯ ಸುಧಾ ಮೂರ್ತಿಯವರು, ಹೆಂಗಸರು ಅರ್ಜಿ ಹಾಕಬಾರದೆಂಬ ಜಾಹೀರಾತನ್ನು 1974ರಲ್ಲಿ ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದು, ಟೆಲ್ಕೋದಲ್ಲಿ ಎಂಜಿನಿಯರಾಗಿ ಸೇರಿದ್ದು ಇದೇ ಊರಿನಲ್ಲಿ. ಇಂಥವರ ಹೆಸರು ಪುಸ್ತಕಗಳಲ್ಲಿದೆ. ಅಪ್ಪನಂಥವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಆದರೆ ಊರಿನಿಂದ ಇಲ್ಲಿಗೆ ಬಂದ ನಮ್ಮ ಎಷ್ಟೋ ಕುಟುಂಬಗಳ ಅನ್ನ ಬೆಂದದ್ದು ಅಂಥ ಕೈಗಳಿಂದಲೇ.

ನಾನಾ ಪೇಠೆಗೆ ಹೋಗಿ ಸಾಮಾನು ತಂದೆವು: ಕ್ಯಾಮ್ ಷಾಫ್ಟು, ರಾಕರುಗಳು, ವಾಲ್ವುಗಳು, ವಾಲ್ವಿನ ಸೀಲುಗಳು, ಹೆಡ್ ಗ್ಯಾಸ್ಕೆಟ್ಟು, ಟೈಮಿಂಗ್ ಪಟ್ಟಾ. ಕ್ಯಾಮ್ ಷಾಫ್ಟು ಹೊಸದಾದರೆ ರಾಕರುಗಳೂ ಹೊಸವೇ ಆಗಬೇಕಂತೆ; ಹಳೆಯ ರಾಕರಿನ ಸವೆದ ಮುಖ ಹೊಸ ಉಬ್ಬನ್ನು ಬೇಗ ತಿಂದುಹಾಕುತ್ತದೆ. ಸೊಸೈಟಿಯ ಕಾರ್ಯದರ್ಶಿಗಳು, ನೆಲಕ್ಕೆ ಎಣ್ಣೆ ಬೀಳಬಾರದೆಂಬ ಕರಾರಿನ ಮೇಲೆ ನಾಲ್ಕು ದಿನ ಅಪ್ಪಣೆ ಕೊಟ್ಟರು.

ಮೊದಲನೆಯ ದಿನ ಬ್ಯಾಟರಿಯ ಅರ್ಥ್ ತಂತಿ ಬಿಚ್ಚಿ, ರೇಡಿಯೇಟರಿನ ನೀರು ಇಳಿಸಿದೆವು. ಮೊದಲನೆಯ ಸಿಲಿಂಡರಿನ ಪಿಸ್ಟನ್ನು ಮೇಲೆ ಬರುವಂತೆ ತಿರುಗಿಸಿ, ಗುರುತುಗಳನ್ನು ಕೂಡಿಸಿ, ಅದರ ಫೋಟೋ ತೆಗೆದುಕೊಂಡ ಮೇಲೆಯೇ ಪಟ್ಟಾ ಸಡಿಲಿಸಿದ್ದು. ಈ ಗುರುತು ಒಂದು ಹಲ್ಲು ತಪ್ಪಿದರೂ ಎಂಜಿನು ಕುಂಟುತ್ತದೆ. ಹೆಚ್ಚು ತಪ್ಪಿದರೆ ಎಷ್ಟೋ ಎಂಜಿನುಗಳಲ್ಲಿ ಪಿಸ್ಟನ್ನೇ ಬಂದು ವಾಲ್ವಿಗೆ ಬಡಿಯುತ್ತದೆ. ಹೆಡ್ಡಿನ ಬೋಲ್ಟುಗಳನ್ನು ಬಿಚ್ಚುವಾಗ ಅಂಚಿನಿಂದ ನಡುವಿಗೆ, ಬಿಗಿಯುವಾಗ ನಡುವಿನಿಂದ ಅಂಚಿಗೆ, ಅದೂ ಸ್ವಲ್ಪ ಸ್ವಲ್ಪವಾಗಿ, ಅಳತೆಯ ಪಾನಾದಿಂದ. ಇಲ್ಲವಾದರೆ ಅಲ್ಯುಮಿನಿಯಮ್ ಹೆಡ್ಡು ಸೊಟ್ಟಗಾಗುತ್ತದೆ. ಬಿಚ್ಚಿದ ಒಂದೊಂದು ತಿರುಪನ್ನೂ ಮಗಳು ಹಳೆಯ ಲಕೋಟೆಗಳಲ್ಲಿ ಹಾಕಿ ನಂಬರು ಬರೆದಳು. ಗುಮಾಸ್ತನ ಮಗಳಲ್ಲವೇ!

ಎರಡನೆಯ ದಿನ ಹೆಡ್ಡು ಮೇಜಿನ ಮೇಲೆ. ಅದರ ಮುಖ ಸಮವಾಗಿದೆಯೇ, ವಾಲ್ವಿನ ಗೈಡುಗಳು ಸರಿಯಿವೆಯೇ ಎಂದು ಮಶೀನ್ ಅಂಗಡಿಯಲ್ಲಿ ತೋರಿಸಿಕೊಂಡು ಬಂದೆವು. ಇದು ಮನೆಯ ಕೆಲಸವಲ್ಲ. ಅನಂತರ ಹೊಸ ವಾಲ್ವುಗಳನ್ನು ಅವುಗಳ ಪೀಠಕ್ಕೆ ಅರೆಯುವ ಕೆಲಸ. ತುದಿಗೆ ರಬ್ಬರಿನ ಬಟ್ಟಲಿರುವ ಕೋಲನ್ನು ವಾಲ್ವಿಗೆ ಅಂಟಿಸಿ, ಅಂಚಿಗೆ ಅರೆಯುವ ಪೇಸ್ಟು ಸವರಿ, ಎರಡು ಅಂಗೈಗಳ ನಡುವೆ ಕಡಗೋಲಿನಂತೆ ಆಡಿಸಬೇಕು. ನಮ್ಮಾಕೆ ಸ್ವಲ್ಪ ಹೊತ್ತು ನೋಡಿ, "ಇದು ನಿಮಗೆ ಬರೂದಿಲ್ಲ, ಇಲ್ಲಿ ಕೊಡ್ರಿ" ಎಂದು ತಾನೇ ಮೂರು ವಾಲ್ವು ಅರೆದಳು. ಸುತ್ತಲೂ ಒಂದೇ ಸಮನಾದ ಮಾಸಲು ಉಂಗುರ ಮೂಡಿದರೆ ಸರಿಯಾಯಿತೆಂದು ಅರ್ಥ. ಪೇಸ್ಟು ಒಂದು ಕಣವೂ ಉಳಿಯದಂತೆ ತೊಳೆದು, ಸೀಲು, ಸ್ಪ್ರಿಂಗು ಕೂಡಿಸಿ, ಮೇಲಿನ ರಂಧ್ರದಲ್ಲಿ ಡೀಸೆಲು ಹೊಯ್ದು ಕಾದೆವು. ಒಂದು ಹನಿ ಕೆಳಗಿಳಿಯಲಿಲ್ಲ. ನಡುವೆ ಸ್ಪ್ರಿಂಗು ಒತ್ತುವಾಗ ಕಡಲೆಬೇಳೆಯಷ್ಟು ಚಿಕ್ಕ ಲಾಕೊಂದು ಚಿಮ್ಮಿ ಮಾಯವಾಗಿ, ಸಂಜೆ ರಂಗೋಲಿಯ ಡಬ್ಬಿಯಲ್ಲಿ ಸಿಕ್ಕಿತು.

ಮೂರನೆಯ ದಿನ ಕ್ಯಾಮ್ ಷಾಫ್ಟಿಗೆ ಧಾರಾಳವಾಗಿ ಎಣ್ಣೆ ಸವರಿ ಕೂಡಿಸಿ, ಹೆಡ್ಡನ್ನು ಬಿಗಿದು, ಗುರುತು ನೋಡಿ ಪಟ್ಟಾ ಹಾಕಿದೆವು. ಕೀಲಿಗೆ ಕೈ ಹಚ್ಚುವ ಮುನ್ನ ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡಿದ್ದನ್ನು ಕಂಡೆವು. ಉಳಿದದ್ದು ಟ್ಯಾಪೆಟ್ಟಿನ ಹೊಂದಾಣಿಕೆ. ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಆ ಕೆಲಸ ಕಣ್ಣಿನದು. ಅಪ್ಪ ನಮಗೆ ಬಿಟ್ಟರು. ನಾವು ಒಂದು ಜಾಣತನ ಮಾಡಿದೆವು. ಇಷ್ಟೆಲ್ಲ ಗೋಳು ಹುಟ್ಟಿದ್ದು ಸಪ್ಪಳದಿಂದಲ್ಲವೇ? ಸಂದು ಕಡಿಮೆಯಿಟ್ಟರೆ ಸಪ್ಪಳವೇ ಇರದು ಎಂದು ಪುಸ್ತಕದ ಅಳತೆಗಿಂತ ಬಿಗಿಯಾಗಿಯೇ ತಿರುಪಿದೆವು.

ಕೀಲಿ ತಿರುಗಿಸಿದೊಡನೆ ಎಂಜಿನು ಹತ್ತಿತು. ಬೆಣ್ಣೆಯಂಥ ಸದ್ದು, ಒಂದು ಕಟಕಟವಿಲ್ಲ. ನೆರೆಮನೆಯ ಹುಡುಗ "ಕಾಕಾ, ಮಸ್ತ್!" ಎಂದು ಚಪ್ಪಾಳೆ ತಟ್ಟಿದ. ನಾವು ಹೆಮ್ಮೆಯಿಂದ ಅಪ್ಪನ ಕಡೆ ನೋಡಿದೆವು. ಅವರು ಎಂಜಿನಿನ ಪಕ್ಕದಲ್ಲಿಯೇ, ಮುಚ್ಚಳದ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದರು.

"ಟ್ಯಾಪೆಟ್ಟಿಂದು ಸ್ವಲ್ಪರೆ ಸಪ್ಪಳ ಅದನೋ ಇಲ್ಲೋ?" ಎಂದು ಕೇಳಿದರು.

"ಒಟ್ಟ ಇಲ್ಲಪ್ಪಾ!" ಎಂದೆವು.

"ಹಂಗಾದ್ರ ಆರಸು. ಬಿಚ್ಚು."

ಆಗ ನಮಗೆ ಅವರ ಮಾತಿಗಿಂತ ಅವರ ಪ್ರಶ್ನೆ ಎದೆಗೆ ತಟ್ಟಿತು. ಒಂದು ಮೊಳ ದೂರದ ಎಂಜಿನಿನ ಸದ್ದನ್ನು ಅಪ್ಪ ನಮ್ಮನ್ನು ಕೇಳಿ ತಿಳಿಯಬೇಕೇ? "ಅಪ್ಪಾ, ನಿಮಗ ಕೇಳಸೂದಿಲ್ಲೇನು?" ಎಂದು ಅವರೆದುರು ನಿಂತು ಗಟ್ಟಿಯಾಗಿ ಕೇಳಿದೆವು. ಅವರು ಕೈ ಒರೆಸಿಕೊಳ್ಳುತ್ತ, "ಎರಡ ವರ್ಷ ಆತು. ಮಾತು ಕೇಳಸ್ತಾವ, ಎಲ್ಲಾ ಅಲ್ಲ. ಟ್ಯಾಪೆಟ್ ಅಂತೂ ಒಟ್ಟ ಕೇಳಸೂದಿಲ್ಲ. ಮಶೀನಿನ ಬಾಜೂಕ ನಿಂತ ನಿಂತ ಹೋದ್ವು. ಫಿಟರಗ ಕಿವಿ ಇಲ್ಲಂತ ಯಾರ ಮುಂದ ಹೇಳ್ಲಿ?" ಎಂದರು.

ಉತ್ತರ ಬಾರದ ಮಾತುಗಳೆಲ್ಲ ಒಮ್ಮೆಗೇ ನೆನಪಾದವು. ಅವರು ಮುನಿಸಿಕೊಂಡಿದ್ದಾರೆಂದು ನಾವೂ ಮಾತು ಕಡಿಮೆ ಮಾಡಿದ್ದೆವಲ್ಲ!

ಅನಂತರ ಅವರೇ ವಿವರಿಸಿದರು. ಬಿಸಿಗೆ ಒಂದೊಂದು ಲೋಹ ಒಂದೊಂದು ಅಳತೆಯಲ್ಲಿ ಹಿಗ್ಗುತ್ತದೆ. ವಾಲ್ವಿನ ಅಂಚು ಪೀಠದಲ್ಲಿ ತೇದಂತೆಲ್ಲ ಸಂದು ಕಡಿಮೆಯಾಗುತ್ತ ಬರುತ್ತದೆ. ಸಂದೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಬೆಂಕಿಯಂಥ ಹೊಗೆಯಲ್ಲಿ ಮೀಯುವ ವಾಲ್ವು ತನ್ನ ಕಾವನ್ನು ಇಳಿಸುವುದು ಮುಖ್ಯವಾಗಿ ಪೀಠಕ್ಕೆ ತಾಗಿ ಕುಳಿತಾಗ. ಕೂಡಲು ಬಿಡದಿದ್ದರೆ ಸುಟ್ಟುಹೋಗುತ್ತದೆ. "ಸಪ್ಪಳ ಮಾಡೂ ಟ್ಯಾಪೆಟ್ ತನ್ನ ಬ್ಯಾನಿ ಹೇಳತದ. ಸುಮ್ಮನಿರೂದು ಒಳಗ ಸುಡತದ" ಎಂದರು. ನಾಲ್ಕನೆಯ ದಿನ ಎಂಜಿನು ತಣ್ಣಗಿರುವಾಗ ಪುಸ್ತಕದ ಅಳತೆಗೆ ಸರಿಯಾಗಿ ಆರೂ ಟ್ಯಾಪೆಟ್ಟುಗಳನ್ನು ಹೊಂದಿಸಿದೆವು. ಹೊಲಿಗೆಯ ಮಶೀನಿನಂಥ ಸಣ್ಣ ಟಿಕಟಿಕ ಬಂತು. ಅಪ್ಪ ಮುಚ್ಚಳದ ಮೇಲೆ ಅಂಗೈಯಿಟ್ಟು, "ಈಗ ಚಲೋ ಅದ" ಎಂದರು. ಈ ಸಲ ನಾವೂ ನಂಬಿದೆವು.

ನಮ್ಮನ್ನು ನೋಡಿ ಎಲ್ಲರೂ ಎಂಜಿನು ಬಿಚ್ಚಿರೆಂದು ಹೇಳುತ್ತಿಲ್ಲ. ತಿಳಿದವರು ಪಕ್ಕದಲ್ಲಿರದಿದ್ದರೆ ನಮ್ಮಿಂದಲೂ ಆಗುತ್ತಿರಲಿಲ್ಲ. ಆದರೆ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿರಿ. ಹಳೆಯ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಬೇಡಿರಿ. ಪಟ್ಟಾ ಕಡಿಯುವ ತನಕ ಕಾಯಬೇಡಿರಿ. ಮನೆಯಲ್ಲಿ ಕಾರಖಾನೆಯಲ್ಲಿ ದುಡಿದ ಹಿರಿಯರಿದ್ದು ಈಚೆಗೆ ಮಾತು ಕಡಿಮೆಯಾಗಿದ್ದರೆ, ಮುನಿಸೆಂದು ತಿಳಿಯುವ ಮುನ್ನ ಒಮ್ಮೆ ಕಿವಿಯ ಡಾಕ್ಟರಲ್ಲಿ ತೋರಿಸಿರಿ.

ಅಪ್ಪ ಮೊದಲು ಒಪ್ಪಲಿಲ್ಲ. ಮೊಮ್ಮಗಳು ಕೈಹಿಡಿದು ಕರೆದುಕೊಂಡು ಹೋದ ಮೇಲೆ ಒಪ್ಪಿದರು. ಈಗ ಕಿವಿಯಲ್ಲಿ ಯಂತ್ರವಿದೆ. ಸಂಕ್ರಾಂತಿಗೆ ಧಾರವಾಡಕ್ಕೆ ಹೊರಟಾಗ ಖಂಬಾಟಕಿ ಘಾಟನ್ನು ಕಾರು ಮೂರನೆಯ ಗೇರಿನಲ್ಲಿಯೇ ಹತ್ತಿತು. ನಾವು ಮೆಚ್ಚುಗೆಯ ಮಾತಿಗೆ ಕಾದಿದ್ದೆವು. ಅಪ್ಪ ಯಂತ್ರವನ್ನು ಸರಿಪಡಿಸಿಕೊಂಡು, ತಲೆ ವಾರೆ ಮಾಡಿ ಒಂದು ಗಳಿಗೆ ಆಲಿಸಿ, "ಎರಡನೇ ಸಿಲಿಂಡರಿಂದು ಒಂದೀಟು ಸಡ್ಲ ಬಿಟ್ಟಿ ನೋಡು. ಊರಿಗೆ ಹೋದ ಮ್ಯಾಲೆ ಬಿಚ್ಚೂಣು" ಎಂದರು.