ಮೀಸೆ ನರೆತವರ ಕೈಲೂ ಆಟದ ಫೋನು: ಊರು ಈಗ ನಗುವುದಿಲ್ಲ, ಆದರೆ...

ಚಿಕ್ಕಮಗಳೂರು: ಸಂಜೆ ಐದೂವರೆ. ಮೂಡಿಗೆರೆ ಬಸ್ಸು ಇನ್ನೂ ಸ್ಟ್ಯಾಂಡ್ ಬಿಟ್ಟಿಲ್ಲ. ಕಿಟಕಿ ಪಕ್ಕ ಐವತ್ತು ದಾಟಿದ ಗೃಹಸ್ಥರೊಬ್ಬರು. ತೊಡೆಯ ಮೇಲೆ ಔಷಧಿ ಅಂಗಡಿಯ ಚೀಲ, ಕೈಯಲ್ಲಿ ಮೊಬೈಲು. ಕಾಫಿ ರೇಟೋ ಮೆಣಸಿನ ರೇಟೋ ನೋಡುತ್ತಿರಬೇಕು ಅಂದುಕೊಂಡರೆ ತಪ್ಪಾಯಿತು. ಬಣ್ಣಬಣ್ಣದ ಮಿಠಾಯಿ ಸಾಲುಗೂಡಿಸಿ ಒಡೆಯುತ್ತಿದ್ದಾರೆ! ಪಕ್ಕದ ಸೀಟಿನವರು ನಗಲಿಲ್ಲ. ನಗಲು ಅವರಿಗೆ ಪುರುಸೊತ್ತೆಲ್ಲಿ? ಅವರು ಲೂಡೋದಲ್ಲಿ ಮುಳುಗಿದ್ದರು.

ಇಪ್ಪತ್ತೈದು ವರ್ಷದ ಹಿಂದೆ ಈ ದೃಶ್ಯ ಕಂಡಿದ್ದರೆ ಊರು ಸುಮ್ಮನೆ ಬಿಡುತ್ತಿತ್ತೇ? "ಮಗಳ ಮದುವೆ ಮಾಡೋ ವಯಸ್ಸಲ್ಲಿ ಇದೆಂಥ ಹುಡುಗಾಟ ಮಾರಾಯ" ಅಂತ ಹೋಟೆಲಿನಲ್ಲಿ ಒಂದು ವಾರದ ಮಾತಾಗುತ್ತಿತ್ತು. ವಿಡಿಯೋ ಗೇಮ್ ಅಂದರೆ ಬೇಸಿಗೆ ರಜೆಯಲ್ಲಿ ಹುಡುಗರು ಟಿವಿಗೆ ವಯರು ಸಿಕ್ಕಿಸಿ ಮಾರಿಯೋನನ್ನು ಕುಣಿಸುವುದು, ಅಷ್ಟೇ. ಪರೀಕ್ಷೆ ಹತ್ತಿರ ಬಂತೆಂದರೆ ಅಪ್ಪ ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದ. ಈಗ ಅದೇ ಹುಡುಗ ಅಪ್ಪನಾಗಿದ್ದಾನೆ. ಆಟ ಮಾತ್ರ ಬಿಟ್ಟಿಲ್ಲ.

ನಿಜ ಹೇಳಬೇಕೆಂದರೆ ಮಲೆನಾಡಿಗೆ ದೊಡ್ಡವರ ಆಟ ಹೊಸದಲ್ಲ. ಜಡಿಮಳೆಯ ದಿನಗಳಲ್ಲಿ ಹೊರಗೆ ಕಾಲಿಡಲಾಗದಾಗ ಅಜ್ಜಿಯಂದಿರು ಹದಿನಾಲ್ಕು ಗುಳಿಯ ಚೆನ್ನೆಮಣೆ ಇಳಿಸಿ ಬೀಜ ಹಂಚುತ್ತಾ ಕೂರುತ್ತಿದ್ದರು. ಜಗಲಿಯಲ್ಲಿ ಚೌಕಾಬಾರ. ಎಸ್ಟೇಟ್ ಸಾಹುಕಾರರ ಕ್ಲಬ್ಬುಗಳಲ್ಲಿ ಬಿಲಿಯರ್ಡ್ಸ್, ಇಸ್ಪೀಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಅರಮನೆಯಲ್ಲಿ ಕೂತು ಹೊಸಹೊಸ ಮಣೆಯಾಟ, ಎಲೆಯಾಟಗಳನ್ನೇ ಕಟ್ಟಿದವರು. ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಗಾಳ ಹಾಕಿ ಗಂಟೆಗಟ್ಟಲೆ ಕೂರುತ್ತಿದ್ದರಲ್ಲ, ದೊಡ್ಡ ಮನುಷ್ಯನಿಗೆ ಇದೆಲ್ಲ ಯಾಕೆ ಅಂತ ಯಾರು ಕೇಳಿದರು?

ಹಾಗಾದರೆ ಆಟಕ್ಕೆ ಕೆಟ್ಟ ಹೆಸರು ಬಂದದ್ದು ಎಲ್ಲಿಂದ? ದುಡ್ಡಿನಿಂದ. ಜಾತ್ರೆಯ ಬದಿಯ ಅಂದರ್ ಬಾಹರ್, ಬೀಡಾ ಅಂಗಡಿಯ ಓಸಿ ಚೀಟಿ, ರಾಜ್ಯದಲ್ಲಿ 2007ರಲ್ಲಿ ನಿಂತುಹೋದ ಲಾಟರಿ. ವಿಡಿಯೋ ಗೇಮಿಗೂ ಇದೇ ಮಸಿ ಮೆತ್ತಿಕೊಂಡಿತ್ತು. ಬೆಂಗಳೂರಿನ ಪಾರ್ಲರುಗಳ ಮೆಷಿನ್ನುಗಳ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರಲ್ಲಿ ಆ ಧಂದೆಗೆ ಪೊಲೀಸ್ ಲೈಸೆನ್ಸು ಬೇಕೇ ಬೇಕೆಂದು ತೀರ್ಪಾಯಿತು.

ಆಮೇಲೆ ಪಾರ್ಲರೇ ಜೇಬಿಗೆ ಬಂತು. 1997ರ ನೋಕಿಯಾ ಫೋನಿನಲ್ಲಿ ಹಾವಿನಾಟ, 2016ರಲ್ಲಿ ಜಿಯೋ ಅಗ್ಗದ ಡಾಟಾ, 2020ರ ಲಾಕ್‌ಡೌನಿನಲ್ಲಿ ಮನೆಮಂದಿಗೆಲ್ಲ ಲೂಡೋ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಬ್ಜಿಗೆ ಕೇಂದ್ರ ಸರ್ಕಾರದ ನಿಷೇಧ ಬಿದ್ದಾಗ ಹಲವು ಮನೆಗಳಲ್ಲಿ ಅಪ್ಪ ಅಮ್ಮ ಕೈಮುಗಿದರು. ಮಕ್ಕಳ ಆಟ ನಿಂತಿತೆಂದು. ತಮ್ಮದಲ್ಲ!

ಆದರೆ ಲೂಡೋದ ಬೆನ್ನಿಗೇ ರಮ್ಮಿ ಬಂತು, ಹಣ ಕಟ್ಟಿ ತಂಡ ಕಟ್ಟುವ ಕ್ರಿಕೆಟ್ ಬಂತು. ವ್ಯಾಪಾರಸ್ಥರು ಎಚ್ಚರಿಕೆಯಿಂದ ಓದಬೇಕಾದ ಮಾತು ಇಲ್ಲಿದೆ. ಮೊದಲು ಇಸ್ಪೀಟಿಗೆ ಹೋಗಬೇಕಾದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಯಾರಾದರೂ ನೋಡಿಯಾರೆಂದು ಹಿಂದಿನ ಬೀದಿ ಹಿಡಿಯಬೇಕಿತ್ತು. ಈಗ ಗಿರಾಕಿ ಸ್ಕ್ಯಾನ್ ಮಾಡಿ ಹಾಕಿದ ದುಡ್ಡು ಯಾವ ಫೋನಿಗೆ ಬೀಳುತ್ತದೋ, ಆಟವೂ ಅದೇ ಫೋನಿನಲ್ಲಿ. ರೈಟರ ಕೈಲಿರುವ ಬಟವಾಡೆ ಹಣ, ಚೀಟಿ ಎತ್ತಿದ ಹಣ, ಹೋಲ್‌ಸೇಲಿನವನಿಗೆ ಕೊಡಬೇಕಾದ್ದು, ಎಲ್ಲಕ್ಕೂ ಒಂದೇ ಬಾಗಿಲು. ರಾತ್ರಿ ಹನ್ನೊಂದಕ್ಕೆ ಹೋದದ್ದು ಬೆಳಿಗ್ಗೆ ಹೆಂಡತಿಗೂ ಗೊತ್ತಾಗುವುದಿಲ್ಲ. ದೇಶದ 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಹೀಗೆ ಕಳೆದುಕೊಳ್ಳುತ್ತಿದ್ದರೆಂದು ಕೇಂದ್ರ ಸರ್ಕಾರವೇ ಅಂದಾಜು ಹೇಳಿತು.

ಕಾನೂನಿನ ಕಥೆ ಹಗ್ಗಜಗ್ಗಾಟದ್ದು. 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ನಿಷೇಧದ ಕಲಮುಗಳನ್ನು ಹೊಡೆದುಹಾಕಿತು. 2023ರ ಅಕ್ಟೋಬರಿನಿಂದ ಕೇಂದ್ರ 28 ಪರ್ಸೆಂಟ್ ಜಿಎಸ್‌ಟಿ ಜಡಿಯಿತು. ಕೊನೆಗೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಎರಡೇ ದಿನದಲ್ಲಿ ಮಸೂದೆ ಪಾಸು ಮಾಡಿ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ಬಂದ್ ಮಾಡಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಡುವವನಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿ ಸೋತವನಿಗೆ ಶಿಕ್ಷೆಯಿಲ್ಲ. ಅವನಿಗೆ ಆಗಲೇ ಆಗಿದೆಯಲ್ಲ! ಇದರ ವಿರುದ್ಧದ ಅರ್ಜಿ ಮೊದಲು ಬಂದದ್ದು ನಮ್ಮ ಹೈಕೋರ್ಟಿಗೆ. ಆಮೇಲೆ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನೆಲ್ಲ ತನ್ನಲ್ಲಿಗೆ ತರಿಸಿಕೊಂಡಿತು.

ಅದೇ ಕಾನೂನು ಪಣವಿಲ್ಲದ ಆಟವನ್ನು ಮುಟ್ಟಲಿಲ್ಲ. ಇ-ಸ್ಪೋರ್ಟ್ಸಿಗೆ ಕ್ರೀಡೆಯೆಂಬ ಮನ್ನಣೆ ಕೊಟ್ಟಿತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಇದಕ್ಕೆ ಪದಕವೇ ಇತ್ತು. ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಎಂಬ ಗೇಮ್ ಕಂಪನಿ ಹುಟ್ಟಿತ್ತು. ಅನಿಮೇಷನ್, ಗೇಮಿಂಗಿಗೆಂದೇ ರಾಜ್ಯ ಸರ್ಕಾರದ 2024-29ರ ನೀತಿಯೂ ಇದೆ. ಆದರೆ ಕಳಸದ ಹುಡುಗನಿಗೆ ಇದರಿಂದ ಎಂತ ಸಿಕ್ಕೀತು? ಜೋರು ಗಾಳಿಮಳೆಗೆ ಕರೆಂಟು ಹೋದರೆ ಟವರೂ ಮಲಗುತ್ತದೆ. ಆಟ ಅರ್ಧದಲ್ಲಿ ನಿಂತವನು ಪದಕ ಎಲ್ಲಿಂದ ತಂದಾನು! ಚೆನ್ನೆಮಣೆಯನ್ನೇ ಚೆಂದದ ಕನ್ನಡ ಗೇಮ್ ಮಾಡಿ ಫೋನಿಗಿಳಿಸುವ ಜಾಣ ಈ ಬೆಟ್ಟಗಳಿಂದಲೇ ಬಂದರೆ ಬೇಡ ಅನ್ನುವವರಿಲ್ಲ.

ಇನ್ನೊಂದು ಮಾತು. ಊರು ಬದಲಾಗಿದೆ ಅನ್ನುವುದು ಗಂಡಸರ ಮಟ್ಟಿಗೆ. ಗಂಡ ಆಡಿದರೆ "ಪಾಪ, ದುಡಿದು ಬಂದಿದ್ದಾರೆ, ಬೇಜಾರು ಕಳೀತಾರೆ". ಹೆಂಡತಿ ಅದೇ ಆಟವನ್ನು ಹತ್ತು ನಿಮಿಷ ಆಡಿದರೆ "ಒಲೆ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲ್ಲ ಇವಳಿಗೆ". ಅಜ್ಜಿಗೆ ಚೆನ್ನೆಮಣೆಯಲ್ಲಿದ್ದ ಸಲಿಗೆ ಮೊಮ್ಮಗಳಿಗೆ ಮೊಬೈಲಿನಲ್ಲಿಲ್ಲ.

ಚಟ ಯಾವುದು, ಬೇಜಾರು ಕಳೆಯುವುದು ಯಾವುದು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಗೇಮಿನ ಚಟವನ್ನು ಕಾಯಿಲೆಯ ಪಟ್ಟಿಗೆ ಸೇರಿಸಿತು. ಆಟ ಹಿಡಿತ ತಪ್ಪಬೇಕು, ಊಟ ಕೆಲಸ ಸಂಸಾರಕ್ಕಿಂತ ಅದೇ ಮುಂದಾಗಬೇಕು, ನಷ್ಟ ಕಂಡರೂ ಬಿಡಲಾಗಬಾರದು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳು ನಡೆದಿರಬೇಕು. ಬಸ್ಸಿನಲ್ಲಿ ಮಿಠಾಯಿ ಒಡೆಯುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಪ್ರತ್ಯೇಕ ಕ್ಲಿನಿಕ್ ಶುರುವಾಯಿತು. ಅಷ್ಟು ದೂರ ಹೋಗಲಾಗದವರು ಟೆಲಿಮಾನಸ್‌ನ 14416ಕ್ಕೆ ಫೋನು ಮಾಡಬಹುದು. ದುಡ್ಡು ಕೊಡಬೇಕಿಲ್ಲ.

ಇತ್ತ ಬಸ್ಸು ಆಲ್ದೂರು ದಾಟುವಷ್ಟರಲ್ಲಿ ಮಳೆ ಹಿಡಿಯಿತು, ಸಿಗ್ನಲ್ ಹೋಯಿತು. ಲೂಡೋದವರು ಫೋನನ್ನು ಜೇಬಿಗಿಳಿಸಿ ಪಕ್ಕಕ್ಕೆ ತಿರುಗಿದರು. "ನಿಮ್ಮದಕ್ಕೆ ನೆಟ್ ಬೇಡ್ವಾ?"

"ಬೇಡ ಮಾರಾಯ್ರೆ, ಇದು ಹೀಗೇ ನಡೀತದೆ. ನೋಡಿ, ಈ ಕೆಂಪನ್ನ ಎಲ್ಲಿಗೆ ಹಾಕಲಿ?"