ಗೇರ್ ಸೈಕಲ್ಲಿಗೆ ಫಿಕ್ಸೆಡ್ ಚಕ್ರ



ಹಳೆಯ ಗೇರ್ ಸೈಕಲ್ಲನ್ನು ಫಿಕ್ಸೆಡ್ ಮಾಡಿಕೊಡು ಎಂದು ಇಲ್ಲಿ ಲಂಡನ್ನಿನಲ್ಲಿ ಕಾಲೇಜಿಗೆ ಹೋಗುವ ನನ್ನ ಮಗ ದುಂಬಾಲು ಬಿದ್ದಿದ್ದ. ನಿಮ್ಮ ಮನೆಯಲ್ಲೂ ಈ ಬೇಡಿಕೆ ಬರಬಹುದು, ಅದಕ್ಕೇ ಈ ನಾಲ್ಕು ಮಾತು.

ಊರಿನಲ್ಲಿ ಇಳಿಜಾರು ಬಂದರೆ ಪೆಡಲ್ ನಿಲ್ಲಿಸಿ, ಟಿಕ್ ಟಿಕ್ ಸದ್ದು ಕೇಳುತ್ತಾ ಹಾಯಾಗಿ ಹೋಗುತ್ತಿದ್ದೆವಲ್ಲ, ಆ ಸದ್ದು ಫ್ರೀವೀಲಿನದು. ಫಿಕ್ಸೆಡ್‌ನಲ್ಲಿ ಅದೇ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಜೊತೆಗೆ ಕಾಲೂ. ಮುಂದೆ 42, ಹಿಂದೆ 16 ಹಲ್ಲಿದ್ದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾಲು ನಿಮಿಷಕ್ಕೆ ಸುಮಾರು 120 ಸುತ್ತು ಹೊಡೆಯಲೇಬೇಕು!

ಮೊದಲು ಫ್ರೇಮ್ ನೋಡಿ. ಹಿಂದಿನ ಆಕ್ಸಲ್ ಕೂರುವ ಸೀಳು ಅಡ್ಡಡ್ಡ ಇರಬೇಕು. ಚಕ್ರವನ್ನು ಹಿಂದಕ್ಕೆಳೆದೇ ಚೈನ್ ಬಿಗಿ ಮಾಡಬೇಕಲ್ಲ. ಆಮೇಲೆ ಹಬ್. ಕ್ಯಾಸೆಟ್ ಹಬ್ಬಾದರೆ ರ‍್ಯಾಚೆಟ್ ಹಬ್ಬಿಗೇ ಸೇರಿರುತ್ತದೆ, ಆ ಗೋಜಿಗೆ ಹೋಗಬೇಡಿ. ಹಳೆಯ ಕಾಲದ, ಥ್ರೆಡ್ ಮೇಲೆ ಫ್ರೀವೀಲ್ ಕೂರುವ ಹಬ್ಬಾದರೆ ಕೆಲಸವಾಗುತ್ತದೆ. ಫ್ರೀವೀಲ್ ಬಿಚ್ಚುವ ಟೂಲ್ ಒಂದೊಂದು ಕಂಪನಿಗೆ ಒಂದೊಂದು ಥರ. ತುಳಿದೂ ತುಳಿದೂ ಅದು ಬಿಗಿದುಕೊಂಡಿರುತ್ತದೆ, ಉದ್ದನೆಯ ಸ್ಪ್ಯಾನರ್ ಬೇಕು. ಅದೇ ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಫಿಕ್ಸೆಡ್ ಹಲ್ಲುಚಕ್ರ ತಿರುಗಿಸಿ. ಚೈನ್ ನೇರವಾಗಿ ಓಡಲು ಆಕ್ಸಲ್ಲಿನ ಬಲಗಡೆಯ ವಾಷರುಗಳಲ್ಲಿ ಕೆಲವನ್ನು ಎಡಕ್ಕೆ ಹಾಕಬೇಕು. ಆಗ ರಿಮ್ ಬಲಕ್ಕೆ ಸರಿಯುತ್ತದೆ. ಬಲಗಡೆಯ ಕಡ್ಡಿಗಳನ್ನು ಸ್ವಲ್ಪ ಸಡಿಲಿಸಿ, ಎಡಗಡೆಯವನ್ನು ಬಿಗಿದರೆ ಮತ್ತೆ ನಡುವಿಗೆ ಬರುತ್ತದೆ. ಕಷ್ಟವೆನಿಸಿದರೆ ಇದಷ್ಟನ್ನು ಅಂಗಡಿಯವರಿಗೆ ಬಿಡಿ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ವೇಗ ತಗ್ಗಿಸಲು ಪೆಡಲನ್ನು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರ ಬಿಚ್ಚಿಕೊಳ್ಳುವ ದಿಕ್ಕಿಗೇ ಬಲ ಬೀಳುತ್ತದೆ. ಟ್ರ್ಯಾಕ್ ರೇಸಿನ ಹಬ್ಬಿನಲ್ಲಿ ಇದನ್ನು ತಡೆಯಲು ಉಲ್ಟಾ ಥ್ರೆಡ್ಡಿನ ಲಾಕ್ ರಿಂಗ್ ಇರುತ್ತದೆ, ಹಲ್ಲುಚಕ್ರ ಸಡಿಲವಾಗಲು ಹೊರಟರೆ ರಿಂಗ್ ಇನ್ನೂ ಬಿಗಿಯುತ್ತದೆ. ನಮ್ಮ ಹಬ್ಬಿಗೆ ಆ ಥ್ರೆಡ್ಡೇ ಇಲ್ಲ. ಬಾಟಮ್ ಬ್ರಾಕೆಟ್ಟಿನ ರಿಂಗನ್ನು ಹಾಕುತ್ತಾರೆ, ಕೆಲವರು ಲಾಕ್‌ಟೈಟ್ ಅಂಟನ್ನೂ ಬಳಿಯುತ್ತಾರೆ. ಆದರೆ ಆ ರಿಂಗಿನ ಥ್ರೆಡ್ಡೂ ಅದೇ ದಿಕ್ಕಿನದು, ಎರಡೂ ಒಟ್ಟಿಗೆ ಬಿಚ್ಚಬಹುದು. ಸವಾರರು ಇದನ್ನು 'ಸೂಯಿಸೈಡ್ ಹಬ್' ಅಂತ ಸುಮ್ಮನೆ ಕರೆಯುವುದಿಲ್ಲ.

ಮಗನಿಗೆ ಬ್ರೇಕುಗಳೆಲ್ಲ ಕಿತ್ತರೆ ಸೈಕಲ್ ಚೆಂದ. ನಾನು ಒಪ್ಪಲಿಲ್ಲ. ಬ್ರಿಟನ್ನಿನ 1983ರ ನಿಯಮಗಳು ಫಿಕ್ಸೆಡ್ ಹಿಂಚಕ್ರವನ್ನು ಒಂದು ಬ್ರೇಕ್ ಎಂದು ಒಪ್ಪಿದರೂ ಮುಂದಿನ ಬ್ರೇಕ್ ಕಡ್ಡಾಯ. 2016ರಲ್ಲಿ ಇದೇ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಫಿಕ್ಸೆಡ್ ಸೈಕಲ್ ಬಡಿದು, ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಮರುವರ್ಷ ಆ ಯುವಕನಿಗೆ 18 ತಿಂಗಳ ಶಿಕ್ಷೆಯಾಯಿತು. ಇಂಥ ಹಬ್ಬಿಗಂತೂ ಎರಡೂ ಬ್ರೇಕ್ ಇರಲಿ; ಅದಕ್ಕೆ ಒಪ್ಪದ ಮಕ್ಕಳಿಗೆ ಟ್ರ್ಯಾಕ್ ಹಬ್ಬಿನ ಚಕ್ರ ಮತ್ತು ಮುಂದಿನ ಬ್ರೇಕ್, ಅದಕ್ಕಿಂತ ಕಡಿಮೆ ಬೇಡ.

ಇನ್ನೊಂದು: ಸೈಕಲ್ ತಲೆಕೆಳಗಾಗಿಟ್ಟು ಚಕ್ರ ತಿರುಗುತ್ತಿರುವಾಗ ಬಟ್ಟೆಯಿಂದ ಚೈನ್ ಒರೆಸುವ ಅಭ್ಯಾಸ ನಮಗೆಲ್ಲ ಇದೆ. ಫಿಕ್ಸೆಡ್‌ನಲ್ಲಿ ಬೆರಳು ಸಿಕ್ಕಿದರೂ ಚೈನ್ ನಿಲ್ಲದು. ಚಕ್ರ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ.